ಪಾಚಿಯ ಬೇಸಾಯ

ಪಾಚಿಗೂ ನಮ್ಮ ಗೃಹಸ್ಥಾಶ್ರಮಕ್ಕೂ ಹಿಂದಿನಿಂದ ಬಂದ ವೈರ. ಬಚ್ಚಲಿನಲ್ಲಿ ಕಂಡರೆ ಪೊರಕೆ, ಬಾವಿಕಟ್ಟೆಯಲ್ಲಿ ಕಂಡರೆ ಸುಣ್ಣ, ಕಾಂಪೌಂಡಿನ ಗೋಡೆಯ ಮೇಲೆ ಕಂಡರೆ ಬಣ್ಣದವನಿಗೆ ಬುಲಾವು. ಒಮ್ಮೆ ಜಾರಿ ಬಿದ್ದವರಂತೂ ಅದರ ಹೆಸರೆತ್ತಿದರೆ ಸಾಕು, ಸೊಂಟ ಮುಟ್ಟಿ ನೋಡಿಕೊಳ್ಳುತ್ತಾರೆ. ಇಂಥ ಪಾಚಿಯನ್ನು ನಾನು ಬಿತ್ತಿ ಬೆಳೆದೆನೆಂದರೆ ಓದುಗರು ನಗಬಹುದು. ನಗಲಿ. ಅವರಿಗಿಂತ ಮೊದಲೇ ನನ್ನ ಭಾವಮೈದ ನಕ್ಕಿದ್ದಾನೆ.

ಅವನ ನಗೆಗೆ ಕಾರಣವಿದೆ. ಚಿಕ್ಕಮಗಳೂರಿನಿಂದ ಕೈಮರದ ಮೇಲೆ ಬಾಬಾಬುಡನ್‌ಗಿರಿಗೆ ಏರುವ ದಾರಿಯ ಮಗ್ಗುಲಲ್ಲಿ ಅವನದೊಂದು ಸಣ್ಣ ಕಾಫಿ ತೋಟ. ಅಲ್ಲಿ ಕಾಫಿ ಗಿಡದ ಮೈಮೇಲೆ ಪಾಚಿ ಹಬ್ಬುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬಿರುಕು ಬಿಟ್ಟ ಸಡಿಲ ತೊಗಟೆಯ ಸಂದಿಯಲ್ಲಿ ಬಿಳಿ ಕಾಂಡಕೊರಕದ ದುಂಬಿ ಮೊಟ್ಟೆಯಿಡುತ್ತದೆ. ಅದಕ್ಕಾಗಿ ತೋಟದವರು ತೆಂಗಿನ ನಾರಿನ ಗವಸು ತೊಟ್ಟು ಕಾಂಡವನ್ನು ಉಜ್ಜಿಸುತ್ತಾರೆ. ತೊಗಟೆಯ ಜೊತೆಗೆ ಪಾಚಿಯೂ ಉದುರುತ್ತದೆ. "ಅಲ್ಲ ಭಾವ, ಇದನ್ನ ಉಜ್ಜಿ ತೆಗೆಯೋಕೆ ನಾನು ಕೂಲಿ ಕೊಡ್ತಿದೀನಿ. ನೀವು ಬೆಂಗಳೂರಲ್ಲಿ ಕೂತು ಬಿತ್ತಿ ಬೆಳೀತೀರಾ?" ಎಂದು ಅವನು ಕೇಳಿದರೆ, ಲೋಕವ್ಯವಹಾರ ಬಲ್ಲ ಯಾರಾದರೂ ಅವನ ಕಡೆಗೇ ಓಟು ಹಾಕುತ್ತಾರೆ.

ಬಿತ್ತನೆಯ ಮೂಲಪುರುಷ ನಾನಲ್ಲ, ನನ್ನ ಮೊಮ್ಮಗಳು. ಪಟ್ಟಣದ ಮನೆಗಳಲ್ಲಿ ಈಚೆಗೆ ಟೆರೇರಿಯಂ ಎಂಬ ಗಾಜಿನ ತೋಟದ ಹುಚ್ಚು ಹಬ್ಬಿದೆ. ಅಗಲ ಬಾಯಿಯ ಗಾಜಿನ ಭರಣಿ, ತಳದಲ್ಲಿ ಬೆಣಚುಕಲ್ಲು, ಮೇಲೆ ಇದ್ದಿಲು, ಮಣ್ಣು, ಅದರ ಮೇಲೆ ಹಸಿರು ಪಾಚಿಯ ಜಮಖಾನೆ. ಮುಚ್ಚಳ ಹಾಕಿದರೆ ಒಳಗಿನ ತೇವ ಆವಿಯಾಗಿ ಗಾಜಿಗೆ ಹತ್ತಿ, ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತದೆ. ಬಾಲ್ಕನಿಯಲ್ಲಿ ಒಂದು ತುಳಸಿಗೂ ಜಾಗ ಸಾಲದವರಿಗೆ ಇದೇ ಮಲೆನಾಡು.

ಇದು ಹೊಸ ಆಟವೇನೂ ಅಲ್ಲ. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ತನ್ನ ಹಿತ್ತಿಲ ಕಲ್ಲುಗಳ ಮೇಲೆ ಜರೀಗಿಡವನ್ನೂ ಪಾಚಿಯನ್ನೂ ಬೆಳೆಸಹೊರಟ. ಊರಿನ ಹೊಗೆಗೆ ಎಲ್ಲವೂ ಸತ್ತವು. 1829ರಲ್ಲಿ ಪತಂಗದ ಕೋಶವೊಂದನ್ನು ಹಸಿ ಮಣ್ಣಿನಲ್ಲಿಟ್ಟು ಸೀಸೆಯೊಳಗೆ ಮುಚ್ಚಿದ. ಕೆಲವು ದಿನಗಳಲ್ಲಿ ಆ ಸೀಸೆಯ ಮಣ್ಣಿನಲ್ಲಿ ಒಂದು ಜರೀಗಿಡ, ಒಂದು ಹುಲ್ಲು ತಾವಾಗಿಯೇ ಎದ್ದವು. ಅವನು ಕಟ್ಟಿಸಿದ ಗಾಜಿನ ಪೆಟ್ಟಿಗೆಗಳು ಮುಂದೆ ಹಡಗು ಹತ್ತಿ ಲೋಕ ಸುತ್ತಿದವು. ಚೀನದ ಚಹಾ ಸಸಿಗಳು 1850ರ ಸುಮಾರಿಗೆ ಹಿಮಾಲಯದ ತಪ್ಪಲಿಗೆ ಜೀವಂತ ಬಂದದ್ದು ಅವುಗಳಲ್ಲೇ.

ಮೊಮ್ಮಗಳು ಅಂಗಡಿಯಿಂದ ತಂದ ಪಾಚಿ ಒಂದೇ ತಿಂಗಳಿಗೆ ಕಂದಿತು. "ತಾತ, ಮುಂದಿನ ಸಲ ಗಿರಿಗೆ ಹೋದಾಗ ಒಂದು ಚೀಲ ಕಿತ್ತು ತರೋಣ" ಎಂದಳು. ಕಷ್ಟವೇನಿಲ್ಲ. ಗಿರಿಯ ಕಣಿವೆಗಳಲ್ಲಿ ಸೋಲೆಕಾಡಿನ ಮರಗಳು ಬುಡದಿಂದ ಕೊಂಬೆಯವರೆಗೆ ಪಾಚಿ ಹೊದ್ದು ನಿಂತಿವೆ. ಒಂದು ಅಂಚು ಹಿಡಿದೆಳೆದರೆ ಮಲಗಿದವರ ಮೇಲಿನ ಕಂಬಳಿಯಂತೆ ಕೈಗೆ ಬರುತ್ತದೆ. ಮಳೆ ನಿಂತ ಮೇಲೆ ಬರುವ ಪ್ರವಾಸಿಗರು ಹಾಗೆ ಎಳೆದದ್ದನ್ನು ನಾನು ಕಂಡಿದ್ದೇನೆ. ನಮ್ಮ ಸರ್ಕಾರದ ಶಾಸನಗಳು ಒಣ ಗದ್ಯ ಎನ್ನುವವರು 1927ರ ಭಾರತೀಯ ಅರಣ್ಯ ಕಾಯಿದೆಯನ್ನು ನೋಡಬೇಕು. ಅರಣ್ಯೋತ್ಪನ್ನ ಎಂದರೇನೆಂದು ವಿವರಿಸುವಾಗ ಅದು ಹುಲ್ಲು, ಬಳ್ಳಿ, ಜೊಂಡುಗಳ ಸಾಲಿನಲ್ಲಿ ಪಾಚಿಯನ್ನೂ ಮರೆಯದೆ ಹೆಸರಿಸಿದೆ.

ಆದರೆ ಮಕ್ಕಳಿಗೆ ಕಾಯಿದೆ ಹೇಳಿ ಒಪ್ಪಿಸುವುದು ಸಾಧ್ಯವೇ? ನಾನು ಗಿರಿಯದೇ ಕಥೆ ಹೇಳಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬುದು ಪ್ರತೀತಿ. ಇಂದು ಬೆಟ್ಟದ ಸುತ್ತ ಕಣ್ಣು ಹಾಯುವಷ್ಟು ದೂರ ಕಾಫಿ. "ಅವರು ತಂದದ್ದು ಗಿಡವನ್ನಲ್ಲ, ಬೀಜವನ್ನು. ಮೋಕಾದ ಗಿಡ ಮೋಕಾದಲ್ಲೇ ಉಳಿಯಿತು. ನಾವೂ ಹಾಗೇ ಮಾಡಿದರೆ ಹೇಗೆ?" ಎಂದೆ. "ಪಾಚಿಗೆ ಬೀಜ ಎಲ್ಲಿದೆ ತಾತ?" ಎಂದಳು.

ಅವಳ ಪ್ರಶ್ನೆಗೆ ಮಹಾಮಹಾ ಪಂಡಿತರೂ ತಡವರಿಸಿದ್ದಾರೆ. ಪಾಚಿಯ ಹಾಸಿನ ಮೇಲೆ ದಾರದಂಥ ತೊಟ್ಟು, ಅದರ ತುದಿಗೊಂದು ಪುಟ್ಟ ಸಂಪುಟ ನಿಂತಿರುತ್ತದೆ. ಸಸ್ಯಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಅದನ್ನು ಹೂವಿನ ಪರಾಗಕೋಶವೆಂದೇ ತಿಳಿದಿದ್ದ. ಅಲ್ಲವೆಂದು ತೋರಿಸಿದವನು ಜರ್ಮನಿಯ ವೈದ್ಯ ಹೆಡ್ವಿಗ್. ಅವನು ಸತ್ತ ಮೇಲೆ 1801ರಲ್ಲಿ ಅಚ್ಚಾದ ಅವನ ಗ್ರಂಥವೇ ಇಂದಿಗೂ ಪಾಚಿಗಳ ನಾಮಕರಣಕ್ಕೆ ಆಧಾರ. ಸಂಪುಟದೊಳಗಿನ ಧೂಳೇ ಬೀಜಕ. ಒಂದೊಂದೂ ಮಿಲಿಮೀಟರಿನ 50ರಲ್ಲಿ ಒಂದು ಪಾಲಿನಷ್ಟು, ಕೆಲವು ಅದಕ್ಕೂ ಸಣ್ಣ. ಬೀಜಕ್ಕಾದರೆ ತಾಯಿಗಿಡ ಬುತ್ತಿ ಕಟ್ಟಿ ಕಳಿಸುತ್ತದೆ. ಒಂದೇ ಜೀವಕೋಶದ ಬೀಜಕಕ್ಕೆ ಹೇಳಿಕೊಳ್ಳುವಂಥ ಬುತ್ತಿಯೂ ಇಲ್ಲ.

ದೀಪಾವಳಿಗೆ ಹೋದಾಗ ಭಾವಮೈದನ ತೋಟದಲ್ಲಿ, ಹಿಂದೆ ಕಸ ಸುಟ್ಟಿದ್ದ ಮಣ್ಣಿನ ಮೇಲೆ, ಬೇಕಾದ್ದು ಸಿಕ್ಕಿತು. ಸಸ್ಯಶಾಸ್ತ್ರದ ಮೇಷ್ಟರಾಗಿದ್ದ ಸ್ನೇಹಿತರು ನೋಡಿ, "ಇದು ಫ್ಯುನೇರಿಯಾ ಹೈಗ್ರೊಮೆಟ್ರಿಕಾ, ಸ್ವಾಮಿ. ಒಣ ತೊಟ್ಟಿನ ಮೇಲೆ ಉಸಿರು ಬಿಡಿ" ಎಂದರು. ಉಸಿರು ತಗುಲಿದ್ದೇ ತಡ, ಹುರಿಗೊಂಡಿದ್ದ ತೊಟ್ಟು ಗರಗರನೆ ತಿರುಗಿತು! ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಸಂಪುಟದ ಬಾಯಿಗೆ ಹದಿನಾರು ಹದಿನಾರರಂತೆ ಎರಡು ಸಾಲು ಹಲ್ಲು. ತೇವವಿದ್ದಾಗ ಮುಚ್ಚಿಕೊಂಡು, ಗಾಳಿ ಒಣಗಿದಾಗ ತೆರೆದು, ಬೀಜಕವನ್ನು ಲೆಕ್ಕ ಹಾಕಿ ಹೊರಬಿಡುತ್ತದೆ.

ಕಂದು ಬಣ್ಣಕ್ಕೆ ತಿರುಗಿದ ಹತ್ತು ಸಂಪುಟಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದೆವು. ಹಾಸು ಅಲ್ಲಿಯೇ ಉಳಿಯಿತು. ಬೆಂಗಳೂರಿನಲ್ಲಿ ಜರಡಿಯಾಡಿದ ಮಣ್ಣನ್ನು ಹಬೆಯಲ್ಲಿ ಬೇಯಿಸಬೇಕಾಯಿತು. ಇಲ್ಲವಾದರೆ ಅದರಲ್ಲಿರುವ ಬೂಷ್ಟು ಮೊದಲೇಳುತ್ತದೆ. ಹಳೆಯ ಇಡ್ಲಿ ಪಾತ್ರೆ ಕೇಳಿದ್ದಕ್ಕೆ ನನ್ನ ಮನೆಯವಳು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಆರಿದ ಮಣ್ಣನ್ನು ಮೂರು ತಟ್ಟೆಗಳಲ್ಲಿ ಹರಡಿ, ಹಿಡಿದಿಟ್ಟ ಮಳೆನೀರನ್ನು ಕುದಿಸಿ ಆರಿಸಿ ಚಿಮುಕಿಸಿ, ಸಂಪುಟಗಳನ್ನು ಅದರ ಮೇಲೆ ಚಿವುಟಿ ಉದುರಿಸಿ, ಗಾಜು ಮುಚ್ಚಿ, ಬಿಸಿಲು ಬೀಳದ, ಬೆಳಕಿರುವ ಕಿಟಕಿಯಲ್ಲಿಟ್ಟೆವು. ಬೀಜಕದ ಮೇಲೆ ಮಣ್ಣು ಮುಚ್ಚಬಾರದು. ಅದಕ್ಕೆ ಬೆಳಕು ಬೇಕು.

ಬಳಿಕ ಕಾಯುವುದೊಂದೇ ಕೆಲಸ. ಒಂದು ತಟ್ಟೆಗೆ ಬೂಷ್ಟು ಬಂತು. ಉಳಿದೆರಡರಲ್ಲಿ ಎರಡು ವಾರಕ್ಕೆ ಹಸಿರು ಛಾಯೆಯೊಂದು ಕಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಜೇಡನ ಬಲೆಗಿಂತ ನವುರಾದ ಹಸಿರು ಎಳೆಗಳು ಮಣ್ಣಿನ ಮೇಲೆ ಹರಿದಿವೆ. ಎಲೆಯಿಲ್ಲ, ಕಾಂಡವಿಲ್ಲ, ಪಾಚಿಯ ಶೈಶವ ಇದೇ. ಇನ್ನೂ ಕೆಲವು ವಾರ ಕಳೆದು ಎಳೆಗಳ ಮೇಲೆ ಮೊಗ್ಗು ಮೂಡಿತು; ಸಂಕ್ರಾಂತಿಯ ಹೊತ್ತಿಗೆ ಸಾಸಿವೆ ಕಾಳಿನಷ್ಟು ಎತ್ತರದ ಗಿಡ, ನಿಜವಾದ ಎಲೆಗಳೊಂದಿಗೆ. ಯುಗಾದಿಗೆ ಅದು ಒಂದು ರೂಪಾಯಿ ನಾಣ್ಯದಷ್ಟು ಅಗಲವಾಯಿತು. ಹೆಚ್ಚಲ್ಲ, ಅಷ್ಟೇ.

ಪಾಚಿಯನ್ನು ಪುಡಿಮಾಡಿ ಉದುರಿಸಿದರೂ ಬೆಳೆಯುತ್ತದೆ, ಅದೇ ಬೇಗ ಎಂದು ಬಲ್ಲವರು ಹೇಳುತ್ತಾರೆ. ನಿಜ. ಆದರೆ ಬೀಜಕದಿಂದ ಬೆಳೆಸಿದವರಿಗೆ ದಕ್ಕುವ ಲೆಕ್ಕ ಅದರಲ್ಲಿ ದಕ್ಕುವುದಿಲ್ಲ. ಐದು ತಿಂಗಳ ಉಪಚಾರಕ್ಕೆ ಒಂದು ನಾಣ್ಯದಗಲ; ಹಾಗಾದರೆ ಸೋಲೆಕಾಡಿನ ಮರ ಹೊದ್ದ ಕಂಬಳಿಗೆ ಎಷ್ಟು ಮಳೆಗಾಲ? ಆ ಕಂಬಳಿ ತನ್ನ ತೂಕದ ಹಲವು ಪಟ್ಟು ನೀರು ಹೀರಿ, ಮಂಜು ಹಿಡಿದು, ಮೆಲ್ಲನೆ ಕೆಳಕ್ಕೆ ಬಿಡುತ್ತದೆ. ಮರಬಾಳೆಗಳು ಬೇರೂರುವುದು ಅದರಲ್ಲಿ. ಈ ಗಿರಿಸಾಲಿನಲ್ಲೇ ಹುಟ್ಟುವ ವೇದಾವತಿ ಬಯಲಿಗಿಳಿದು ಹಿರಿಯೂರಿನ ಬಳಿ ಮಾರಿಕಣಿವೆಯ ಜಲಾಶಯ ಸೇರುತ್ತದೆ. ಅಲ್ಲಿ ನೀರು ಕುಡಿಯುವ ಎತ್ತಿಗೆ ಪಾಚಿಯ ಹೆಸರೂ ಗೊತ್ತಿರಲಿಕ್ಕಿಲ್ಲ.

ಬೇಸಿಗೆ ರಜೆಯಲ್ಲಿ ಮತ್ತೆ ಗಿರಿಗೆ ಹೋದೆವು. ಬಿಸಿಲಿಗೆ ಮರಗಳ ಪಾಚಿ ಮುದುಡಿ ಕಂದಾಗಿತ್ತು. ಸತ್ತಿದೆಯೆಂದು ತಿಳಿದು ಯಾರೋ ಒಂದಷ್ಟು ಕಿತ್ತೆಸೆದಿದ್ದರು. ಒಂದು ಹನಿ ಮಳೆಗೆ ಅದು ಮತ್ತೆ ಹಸಿರಾಗುತ್ತಿತ್ತು. ಮೊಮ್ಮಗಳು ಬೋಳಾದ ಆ ತೊಗಟೆಯನ್ನು ಕೈಯಗಲಿಸಿ ಅಳೆದಳು. "ತಾತ, ಇದು ನಮ್ಮ ತಟ್ಟೇಲಿ ಆಗಬೇಕಾದರೆ ನಾನು ಅಜ್ಜಿ ಆಗಿರ್ತೀನಿ" ಎಂದಳು. ಭಾವಮೈದ ಈ ಸಲ ನಗಲಿಲ್ಲ. ಕಾಫಿ ಗಿಡ ಉಜ್ಜುವುದನ್ನೂ ಅವನು ಬಿಟ್ಟಿಲ್ಲ, ಬಿಡುವುದೂ ಬೇಡ. ಅವನ ಬದುಕು ಅದು. ಆದರೆ ತೋಟದ ಅಂಚಿನ ಹಳೆಯ ಅತ್ತಿಮರದ ಮೈಗೆ ಯಾರೂ ಗವಸು ಹಚ್ಚಕೂಡದೆಂದು ಆಳುಗಳಿಗೆ ಹೇಳಿದ್ದಾನಂತೆ.