ಆಲಿಕಲ್ಲು ಕರಗಿದ ಮೇಲೆ

ಸೊಲ್ಲಾಪುರದ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿಯವರು ಹಿಮವನ್ನು ಕಂಡಿದ್ದರೆ ಕೇದಾರ, ಬದರಿಯ ಯಾತ್ರೆಯಲ್ಲಿ ಕಂಡಿರಬೇಕು, ಇಲ್ಲವೆ ಚಿತ್ರಗಳಲ್ಲಿ. ಆದರೆ 2014ರ ಮಾರ್ಚ್ ತಿಂಗಳ ಮೊದಲ ವಾರದ ಒಂದು ಸಂಜೆ, ಅಕ್ಕಲಕೋಟ ತಾಲೂಕಿನಲ್ಲಿ ಬೋರಿ ನದಿಯ ದಂಡೆಗಿರುವ ಒಂದು ಹಳ್ಳಿಯ ಕರಿಯ ಎರೆಹೊಲಗಳು ನೋಡನೋಡುತ್ತಿದ್ದಂತೆ ಬೆಳ್ಳಗಾದವು. ಮೊದಲು ಬಿರುಗಾಳಿ, ಆಮೇಲೆ ತಗಡಿನ ಮಾಳಿಗೆಗಳ ಮೇಲೆ ಯಾರೋ ಕಲ್ಲು ತೂರಿದಂತೆ ಸಪ್ಪಳ, ಆಮೇಲೆ ಲಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ಮರುದಿನ ಹೊತ್ತು ಮೂಡಿದಾಗಲೂ ಬದುವಿನ ನೆರಳಿನಲ್ಲಿ ಕಲ್ಲಿನ ರಾಶಿ ಕರಗದೆ ಉಳಿದಿತ್ತು. ಬೇವಿನ ಮರದ ಬುಡದಲ್ಲಿ ಗಿಳಿ, ಕಾಗೆಗಳು ಸತ್ತು ಬಿದ್ದಿದ್ದವು. ಮಕ್ಕಳು ಆಲಿಕಲ್ಲನ್ನು ಬೊಗಸೆಯಲ್ಲಿ ತುಂಬಿಕೊಂಡು ನಗುತ್ತಿದ್ದರು. ದೊಡ್ಡವರು ಯಾರೂ ಮಾತನಾಡುತ್ತಿರಲಿಲ್ಲ.

ಈ ಕಲ್ಲು ಬಂದದ್ದು ದೂರದಿಂದಲೇ. ಚಳಿಗಾಲದಲ್ಲಿ ಭೂಮಧ್ಯ ಸಮುದ್ರದ ಕಡೆಯಿಂದ ಹೊರಟು, ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ಗಾಳಿಯ ಅಲೆಗಳು ಹಿಮಾಲಯಕ್ಕೆ ತಗಲಿ ಕಾಶ್ಮೀರದಲ್ಲಿಯೂ ಹಿಮಾಚಲದಲ್ಲಿಯೂ ಹಿಮ ಸುರಿಸುತ್ತವೆ. ಕೆಲವು ವರ್ಷ ಆ ಅಲೆಯ ಕೊಂಕು ದಕ್ಷಿಣಕ್ಕೆ ಬಹಳ ಕೆಳಗೆ ಇಳಿಯುತ್ತದೆ. ಆಗ ದಖ್ಖನ್ನಿನ ಮೇಲಿನ ಆಕಾಶದಲ್ಲಿ ಎತ್ತರದ ತಣ್ಣನೆಯ ಗಾಳಿ, ಕೆಳಗೆ ಮಾರ್ಚ್ ತಿಂಗಳ ಬಿಸಿಲಿಗೆ ಕಾದ ನೆಲ, ನಡುವೆ ಸಮುದ್ರದಿಂದ ಬಂದ ತೇವ, ಈ ಮೂರೂ ಒಂದೆಡೆ ಕೂಡುತ್ತವೆ. ಮೇಲಕ್ಕೇರುವ ಬಿಸಿಗಾಳಿ ನೀರಿನ ಹನಿಯನ್ನು ಹೊತ್ತೊಯ್ದು ಹೆಪ್ಪುಗಟ್ಟಿಸುತ್ತದೆ. ಕಾಳಿನಷ್ಟಿದ್ದ ಹೆಪ್ಪಿನ ಮೇಲೆ ಪದರದ ಮೇಲೆ ಪದರ ಬೆಳೆಯುತ್ತದೆ. ಗಾಳಿ ಇನ್ನು ಹೊರಲಾರದೆ ಹೋದಾಗ ಅದು ನೆಲಕ್ಕೆ ಬೀಳುತ್ತದೆ. ಬೆಟ್ಟದ ನಾಡಿನಲ್ಲಿ ಹಿಮವಾಗುವ ಚಳಿಗಾಲದ ಬಿರುಗಾಳಿ ಬಯಲು ನಾಡಿನಲ್ಲಿ ಕಲ್ಲಾಗುವ ಬಗೆ ಇದು. ಆ ವರ್ಷ ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನ ವರೆಗೆ ಮಹಾರಾಷ್ಟ್ರದ ಬಹುಪಾಲು ಜಿಲ್ಲೆಗಳು ಅದರ ಪೆಟ್ಟನ್ನು ಉಂಡವು.

ಸೊಲ್ಲಾಪುರ ಜಿಲ್ಲೆ ಹಿಂಗಾರಿ ಜೋಳದ ನಾಡು. ಬಿಳಿಜೋಳದಲ್ಲಿ ಹೆಸರಾದ ಮಾಲದಂಡಿ ತಳಿಯನ್ನು ಆಯ್ದು ತೆಗೆದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ಈ ಜೋಳ ಮಳೆಯನ್ನು ಬೇಡುವುದಿಲ್ಲ. ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆ, ಮಾಗಿಯ ಇಬ್ಬನಿಯಲ್ಲಿ ಬೆಳೆಯುತ್ತದೆ. ಮಾರ್ಚಿನ ಹೊತ್ತಿಗೆ ತೆನೆ ಬಲಿತು ಕೊಯ್ಲಿಗೆ ನಿಂತಿರುತ್ತದೆ. ಅಂಥ ಹೊತ್ತಿನಲ್ಲಿ ಆಲಿಕಲ್ಲು ಬಿದ್ದರೆ ದಂಟು ಮುರಿಯುತ್ತದೆ, ತೆನೆ ಮಣ್ಣಿಗೆ ಬೀಳುತ್ತದೆ, ನೆನೆದ ಕಾಳು ಕಪ್ಪಾಗುತ್ತದೆ. ಕಪ್ಪಾದ ಜೋಳಕ್ಕೆ ಅಡತಿಯಲ್ಲಿ ಬೆಲೆಯಿಲ್ಲ. ಕಣಿಕೆ ಕೊಳೆತರೆ ಬೇಸಿಗೆಗೆ ದನಗಳಿಗೆ ಮೇವಿಲ್ಲ. ಅರ್ಧ ಗಂಟೆಯ ಕಲ್ಲಿಗೆ ಮನೆಯವರ ಅನ್ನವೂ ಎತ್ತಿನ ಮೇವೂ ಒಟ್ಟಿಗೆ ಹೋಗುತ್ತವೆ.

ಆ ಹಳ್ಳಿಯಲ್ಲಿ ಅರವತ್ತರ ಹತ್ತಿರದ ಒಬ್ಬ ಹೆಣ್ಣುಮಗಳಿದ್ದಳು. ಗಂಡ ತೀರಿ ಎಂಟು ವರ್ಷವಾಗಿತ್ತು. ಒಬ್ಬಳೇ ಮಗಳು ಗಂಡನ ಮನೆಯಲ್ಲಿ; ಮೈದುನ ಪುಣೆಯ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮೂರು ಎಕರೆ ಹೊಲ, ಕಾಗದದಲ್ಲಿ 1 ಹೆಕ್ಟೇರ್ 20 ಆರ್. ಉಳುವವಳೂ ಬಿತ್ತುವವಳೂ ಅವಳೇ. ಹಕ್ಕಿ ಕಾಯುವವಳೂ ಅವಳೇ. ಮೂರೂ ಎಕರೆಗೆ ಜೋಳವನ್ನೇ ಬಿತ್ತಿದ್ದಳು. ಮರುದಿನ ಮುಂಜಾನೆ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತವಳನ್ನು ನೆರೆಹೊಲದವರು ಮಧ್ಯಾಹ್ನ ಎಬ್ಬಿಸಿಕೊಂಡು ಬಂದರು.

ನಾಲ್ಕಾರು ದಿನಗಳ ಮೇಲೆ ಪಂಚನಾಮೆಗೆ ಜನ ಬಂದರು. ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕ, ಈ ಮೂವರು ಕೂಡಿ ಹೊಲ ನೋಡಿ ಹಾನಿ ಬರೆಯುವುದು ಪದ್ಧತಿ. ಹತ್ತಾರು ಹಳ್ಳಿ, ನೂರಾರು ಹೊಲ, ಕೈಯಲ್ಲಿ ಸ್ವಲ್ಪವೇ ದಿನ. ಅವಳ ಹೊಲದ ದಾರಿಯ ಬದಿಯ ಸಾಲುಗಳು ಬೇವಿನ ಮರದ ಮರೆಯಲ್ಲಿದ್ದುದರಿಂದ ಅಷ್ಟಿಷ್ಟು ನಿಂತಿದ್ದವು. ಬಂದವರು ದಾರಿಯಲ್ಲಿಯೇ ನಿಂತು ನೋಡಿದರು. ಅವರು ಕೇಳಿದ್ದು ಮರಾಠಿಯಲ್ಲಿ, ಅವಳು ಹೇಳಿದ್ದು ಕನ್ನಡದಲ್ಲಿ. ನಡುವೆ ನಿಂತ ಶಾಲೆಯ ಹುಡುಗನೊಬ್ಬ ತಿಳಿದಷ್ಟು ಹೇಳಿದ. ಕೊನೆಗೆ “ಆಜೀ, ಇಥಂ ಅಂಗಠಾ ದ್ಯಾ” ಎಂದರು. ಅಂಗಠಾ ಎಂಬ ಶಬ್ದ ಅವಳಿಗೆ ತಿಳಿಯುತ್ತಿತ್ತು. ಒತ್ತಿದಳು.

ಅದೇ ದಿನಗಳಲ್ಲಿ ಲೋಕಸಭೆಯ ಚುನಾವಣೆ ಸಾರಿದ್ದರು. ಮಾರ್ಚ್ 5ರಿಂದ ನೀತಿಸಂಹಿತೆ ಜಾರಿಗೆ ಬಂದಿದ್ದರಿಂದ ರಾಜ್ಯ ಸರಕಾರ ಪರಿಹಾರ ಸಾರಲು ಚುನಾವಣಾ ಆಯೋಗದ ಒಪ್ಪಿಗೆಗಾಗಿ ಕಾಯಬೇಕಾಯಿತು. ಆಮೇಲೆ 4,000 ಕೋಟಿ ರೂಪಾಯಿಯ ನೆರವು ಪ್ರಕಟವಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 10,000, ನೀರಾವರಿಗೆ 15,000, ತೋಟದ ಬೆಳೆಗೆ 25,000 ರೂಪಾಯಿ. ಒಬ್ಬರಿಗೆ ಎರಡು ಹೆಕ್ಟೇರಿನ ವರೆಗೆ ಮಾತ್ರ. ಅವಳ ಹೊಲದ ಲೆಕ್ಕಕ್ಕೆ ಹನ್ನೆರಡು ಸಾವಿರ. ಒಂದು ಬೇಸಿಗೆಯ ಜೋಳಕ್ಕೂ ಮುಂದಿನ ಬೀಜಕ್ಕೂ ಅದು ಸಾಕಾಗುತ್ತಿತ್ತು.

ಹಳ್ಳಿಯ ಯಾದಿಯಲ್ಲಿ ಅವಳ ಹೊಲ ಇರಲಿಲ್ಲ.

ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು ಪಂಚನಾಮೆಯ ನಕಲು ತರಿಸಿ ಓದಿದರು. ಅದರಲ್ಲಿ ಹಾನಿ ಶೇಕಡಾ 40 ಎಂದು ಬರೆದಿತ್ತು. ಆಗಿನ ನಿಯಮದಲ್ಲಿ ಶೇಕಡಾ 50ಕ್ಕಿಂತ ಕಡಿಮೆ ಹಾನಿಯಾದ ಬೆಳೆಗೆ ನೆರವಿಲ್ಲ. ಕೆಳಗೆ, ಮೇಲಿನದೆಲ್ಲ ಓದಿ ಹೇಳಲಾಗಿದ್ದು ತನಗೆ ಒಪ್ಪಿಗೆ ಎಂಬ ಸಾಲು; ಅದರ ಕೆಳಗೆ ಅವಳ ಹೆಬ್ಬೆರಳು.

“ನಂಗ್ಯಾರೂ ಓದಿ ಹೇಳಿಲ್ರೀ ಮಾಸ್ತರ,” ಎಂದಳು.

“ಕಾಗದ ಹಂಗ ಹೇಳಂಗಿಲ್ಲವ್ವಾ,” ಎಂದರು ಮಾಸ್ತರರು.

ಅವರು ತಹಸೀಲ ಕಚೇರಿಗೆ ಒಂದು ಅರ್ಜಿಯನ್ನು ಕನ್ನಡದಲ್ಲಿಯೇ ಬರೆದರು. ಸಂವಿಧಾನದ 350ನೆಯ ವಿಧಿಯ ಪ್ರಕಾರ, ತನ್ನ ಕುಂದುಕೊರತೆಯ ನಿವಾರಣೆಗಾಗಿ ಯಾವ ವ್ಯಕ್ತಿಯೇ ಆಗಲಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಮನವಿ ಸಲ್ಲಿಸಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಏರ್ಪಾಡನ್ನು ಹೇಳುವ 350-ಎ ವಿಧಿ ಗಡಿನಾಡಿನ ಎಲ್ಲ ಕನ್ನಡಿಗರ ಬಾಯಲ್ಲಿದೆ. ಅದರ ಹಿಂದಿನದು ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ. ಶಾಲೆಗೆ ಹೋಗುವ ಮಗುವಿಗಿಂತ ಕಚೇರಿಗೆ ಹೋಗುವ ಮುದುಕಿಗೆ ಬೇಕಾದದ್ದು ಅದೇ ವಿಧಿ. ಅರ್ಜಿ ಕನ್ನಡದಲ್ಲಿದೆಯೆಂದು ಕಾರಕೂನನೊಬ್ಬ ಮೊದಲು ಮರಳಿಸಿದ. ಮಾಸ್ತರರು ಜಗಳವಾಡಲಿಲ್ಲ. ಮರುದಿನ ಅದೇ ಅರ್ಜಿಯ ಮೇಲ್ಭಾಗದಲ್ಲಿ ವಿಧಿಯ ಸಂಖ್ಯೆಯನ್ನು ಬರೆದು, ಮರಾಠಿಯ ಅನುವಾದವನ್ನು ಜೊತೆಗೆ ಹೊಲಿದು ಕೊಟ್ಟರು. ಎರಡನ್ನೂ ತೆಗೆದುಕೊಂಡು ಶಿಕ್ಕೆ ಹಾಕಿದರು.

ಮರುಪರಿಶೀಲನೆಗೆ ಜನ ಬಂದದ್ದು ನಿಜ. ಆದರೆ ಅಷ್ಟರೊಳಗೆ ಅವಳು ಉಳಿದ ಕಣಿಕೆಯಾದರೂ ಕೊಳೆಯದಿರಲಿ ಎಂದು ಹೊಲವನ್ನು ಕೊಯ್ದು ಮುಗಿಸಿದ್ದಳು. ಬರಿಯ ಹೊಲದಲ್ಲಿ ಶೇಕಡಾ 40 ಯಾವುದು, 80 ಯಾವುದು? ಆಲಿಕಲ್ಲು ಸಾಕ್ಷಿಯನ್ನು ಬಿಟ್ಟು ಹೋಗುವುದಿಲ್ಲ, ಅದು ಕರಗುತ್ತದೆ. ಕೆರೆಯ ನೀರು ಗೋಡೆಯ ಮೇಲೆ ಗೆರೆ ಬಿಡುತ್ತದೆ, ಬೆಂಕಿ ಬೂದಿ ಬಿಡುತ್ತದೆ. ಕಲ್ಲುಮಳೆಗೆ ಸಾಕ್ಷಿಯೆಂದರೆ ಆ ವಾರದಲ್ಲಿ ಬರೆದ ಕಾಗದವೊಂದೇ.

ಈ ಓಡಾಟದಲ್ಲಿ ಇನ್ನೂ ದೊಡ್ಡದೊಂದು ಸಂಗತಿ ಹೊರಬಿತ್ತು. ಹಾನಿ ಶೇಕಡಾ 100 ಎಂದು ಬರೆದಿದ್ದರೂ ಹಣ ಅವಳಿಗೆ ಸುಲಭವಾಗಿ ಬರುತ್ತಿರಲಿಲ್ಲ. ಸಾತಬಾರಾ ಉತಾರದಲ್ಲಿ ಅವಳ ಹೆಸರೇ ಇರಲಿಲ್ಲ. ಇದ್ದದ್ದು 1991ರಲ್ಲಿ ತೀರಿಹೋದ ಅವಳ ಮಾವನ ಹೆಸರು. ಸತ್ತವನಿಗೆ ಬ್ಯಾಂಕಿನಲ್ಲಿ ಖಾತೆಯಿಲ್ಲ. ಮಹಾರಾಷ್ಟ್ರ ಭೂಕಂದಾಯ ಸಂಹಿತೆ, 1966ರ 149ನೆಯ ಕಲಮಿನಂತೆ ವಾರಸಾದಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ತಲಾಠಿಗೆ ತಿಳಿಸಬೇಕು. 150ನೆಯ ಕಲಮಿನಂತೆ ತಲಾಠಿ ಅದನ್ನು ಫೇರಫಾರದ ವಹಿಯಲ್ಲಿ ಬರೆದು, ಚಾವಡಿಯಲ್ಲಿ ನಕಲು ಅಂಟಿಸಿ, ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು. ತಕರಾರು ಬರದಿದ್ದರೆ ನೋಂದು ಖಾಯಂ ಆಗುತ್ತದೆ. ಈ ನೋಂದಿನಿಂದ ಒಡೆತನ ಹುಟ್ಟುವುದಿಲ್ಲ, ಅದು ವಾರಸಾ ಕಾಯಿದೆಯಿಂದಲೇ ಹುಟ್ಟುತ್ತದೆ. ಆದರೆ ಸುಳ್ಳೆಂದು ಸಿದ್ಧವಾಗುವ ವರೆಗೆ ನೋಂದು ನಿಜವೆಂದೇ ಹಿಡಿಯಬೇಕು ಎನ್ನುತ್ತದೆ 157ನೆಯ ಕಲಮು. ಬಡವರ ಬದುಕು ನಡೆಯುವುದು ಆ ‘ವರೆಗೆ’ ಎಂಬ ಮಾತಿನೊಳಗೆ.

ಮಾವನ ಸಾವನ್ನು ಯಾರೂ ನೋಂದಿಸಿರಲಿಲ್ಲ. ವರ್ಷ ಕಳೆದ ಸಾವನ್ನು ದಾಖಲಿಸಲು, ಆಗಿನ ಕಾಯಿದೆಯಂತೆ, ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕಾಗಿ ಅಕ್ಕಲಕೋಟದ ಕೋರ್ಟಿಗೆ ಅಲೆದಳು. ಆಮೇಲೆ ಎರಡು ಫೇರಫಾರ: ಮೊದಲು ಮಾವನಿಂದ ಇಬ್ಬರು ಗಂಡುಮಕ್ಕಳಿಗೆ, ಅನಂತರ ಗಂಡನ ಅರ್ಧದಿಂದ ಅವಳಿಗೂ ಮಗಳಿಗೂ. ಮಗಳ ಹೆಸರೇಕೆ, ಕೊಟ್ಟ ಹೆಣ್ಣಲ್ಲವೇ ಎಂದವರು ಊರಲ್ಲಿ ಹಲವರು. ಹಿಂದೂ ವಾರಸಾ ಕಾಯಿದೆ, 1956ರಲ್ಲಿ ಹೆಂಡತಿಯೂ ಮಗಳೂ ಒಂದೇ ಸಾಲಿನ ವಾರಸುದಾರರು. ಒಬ್ಬಳ ಹೆಸರು ಬಿಟ್ಟು ಮಾಡಿದ ನೋಂದು ಮುಂದೆ ಒಂದು ದಾವೆಯಾಗಿ ಮೊಳೆಯುತ್ತದೆ ಎಂಬುದನ್ನು ಕೋರ್ಟಿನ ಕಟ್ಟೆಯ ಮೇಲೆ ಕುಳಿತ ಯಾರನ್ನು ಕೇಳಿದರೂ ಹೇಳುತ್ತಾರೆ.

ಕಷ್ಟವಿದ್ದದ್ದು ಮೈದುನನ ಸಹಿಯಲ್ಲಿ. ವೈನಿ ಇಡೀ ಹೊಲ ತನ್ನ ಹೆಸರಿಗೆ ಮಾಡಿಕೊಳ್ಳುತ್ತಾಳೆಂದು ಯಾರೋ ಪುಣೆಗೆ ಹೇಳಿಕಳುಹಿಸಿದ್ದರು. ಅವನು ಆರು ತಿಂಗಳು ಬರಲಿಲ್ಲ. ದೀಪಾವಳಿಗೆ ಬಂದಾಗ ಅವಳು ಹಟಮಾಡಲಿಲ್ಲ, ಅಳಲೂ ಇಲ್ಲ. ಕಾಗದಗಳನ್ನು ಅವನ ಮುಂದಿಟ್ಟು, “ನಿನ್ನ ಹೆಸರು ಮೊದಲ ಐತಿ ನೋಡಪಾ. ನಂದು ಅದರ ಕೆಳಗ ಐತಿ,” ಎಂದಳು. ಅವನು ಓದಿದ. ಮರಾಠಿ ಶಾಲೆಯಲ್ಲಿ ಓದಿದವನು. ಓದುತ್ತ ಓದುತ್ತ ಕನ್ನಡದಲ್ಲಿ ಅವಳಿಗೆ ಹೇಳಿದ. ಸಹಿ ಮಾಡಿದ. ತಮ್ಮ ಮನೆಯ ಹೊಲದ ಕಾಗದದಲ್ಲಿ ಏನಿದೆಯೆಂದು ಅವಳು ಕೇಳಿದ್ದು ಅದೇ ಮೊದಲು.

2015ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರಕಾರ ಹಾನಿಯ ಮಿತಿಯನ್ನು ಶೇಕಡಾ 50ರಿಂದ 33ಕ್ಕೆ ಇಳಿಸಿತು. ಒಂದು ವರ್ಷ ಮೊದಲೇ ಇಳಿದಿದ್ದರೆ ಅವಳ ಶೇಕಡಾ 40ಕ್ಕೂ ಬೆಲೆ ಬರುತ್ತಿತ್ತು. ಅವಳಿಗೆ ಇದನ್ನು ಹೇಳಿದಾಗ ಹುಬ್ಬು ಮೇಲೆತ್ತಿ, ಹಸುವಿಗೆ ನೀರು ಕುಡಿಸಲು ಎದ್ದು ಹೋದಳು.

ಆರು ವರ್ಷಗಳ ಮೇಲೆ ಮತ್ತೊಂದು ಬಿರುಗಾಳಿ ಬಂತು, ಈ ಸಲ ಪೂರ್ವದಿಂದ. ಬಂಗಾಲದ ಉಪಸಾಗರದಲ್ಲಿ ಹುಟ್ಟಿದ ವಾಯುಭಾರ ಕುಸಿತ 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ನೆಲಕ್ಕೇರಿ, ತೆಲಂಗಾಣವನ್ನು ದಾಟಿ, ಮರುದಿನ ಸೊಲ್ಲಾಪುರದ ಮೇಲೆ ಸುರಿಯಿತು. ಕುರನೂರ ಅಣೆಕಟ್ಟು ತುಂಬಿ ಬೋರಿ ದಂಡೆ ಮೀರಿತು. ಆಗಿನ ಮುಖ್ಯಮಂತ್ರಿ ಉದ್ಧವ ಠಾಕರೆ ಅವರು ಅಕ್ಟೋಬರ್ 19ರಂದು ಅಕ್ಕಲಕೋಟ ತಾಲೂಕಿಗೆ ಬಂದು ಹೋದರು. ಅವಳ ಹೊಲದ ತೊಗರಿ ನೀರಿನಲ್ಲಿ ನಿಂತು ಹಳದಿಯಾಯಿತು. ನದಿಯ ಕಡೆಯ ಮಣ್ಣು ಕೊಚ್ಚಿ ಹೋಯಿತು.

ಪಂಚನಾಮೆಗೆ ಜನ ಬಂದಾಗ ಅವಳು ಬದುವಿನ ಮೇಲೆ ಕಾಯುತ್ತಿದ್ದಳು. ಬಂದವರನ್ನು ಹೊಲದ ನಾಲ್ಕೂ ಮೂಲೆಗೆ ಕರೆದೊಯ್ದಳು. ಬರೆದು ಮುಗಿಸಿ ಶಾಯಿಯ ಪೆಟ್ಟಿಗೆಯನ್ನು ಮುಂದೆ ಹಿಡಿದಾಗ ಕೈ ಹಿಂದಕ್ಕೆ ಎಳೆದುಕೊಂಡಳು. ಜೊತೆಗೆ ಕಾಲೇಜು ಓದುವ ಮೊಮ್ಮಗಳಿದ್ದಳು.

“ಮೊದಲ ಓದವ್ವಾ. ಕನ್ನಡದಾಗ ಹೇಳು.”

ಹುಡುಗಿ ಓದಿದಳು. ಒಂದು ಕಡೆ ಗಟ್ ನಂಬರ್ ತಪ್ಪಾಗಿತ್ತು. ತಲಾಠಿ ಅದನ್ನು ಹೊಡೆದುಹಾಕಿ ಸರಿ ಬರೆದು ಪಕ್ಕದಲ್ಲಿ ಸಹಿ ಮಾಡಿದ, ಬೇಸರ ಪಟ್ಟುಕೊಳ್ಳಲಿಲ್ಲ. “ಬರೋಬರ್ ಆಹೇ, ಆಜೀ,” ಎಂದ. ಹಾನಿ ಶೇಕಡಾ 70. ಅವಳು ಹೆಬ್ಬೆರಳು ಒತ್ತಿದಳು.

ಅಕ್ಟೋಬರ್ 23ರಂದು ಸರಕಾರ ಸಾರಿದ 10,000 ಕೋಟಿ ರೂಪಾಯಿಯ ನೆರವಿನಲ್ಲಿ ಬೆಳೆಗೆ ಹೆಕ್ಟೇರಿಗೆ 10,000 ರೂಪಾಯಿ ಎಂದಿತ್ತು. ಮೈದುನನ ಪಾಲು ಕಳೆದು 60 ಆರ್ ಹೊಲಕ್ಕೆ ಆರು ಸಾವಿರ ಬಂತು. ಮಗಳು ಸಂಮತಿ ಪತ್ರ ಕೊಟ್ಟಳು. ಕೊಚ್ಚಿಹೋದ ಮಣ್ಣಿಗೆ ಆ ಹಣ ಯಾವ ಲೆಕ್ಕಕ್ಕೂ ಸಾಲದು. ಆದರೂ ಬ್ಯಾಂಕಿನ ಪುಸ್ತಕದಲ್ಲಿ ತನ್ನ ಹೆಸರಿನ ಎದುರು ಆ ಅಂಕಿಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿದಳು.

ಸರಕಾರದ ವಿಪತ್ತುಗಳ ಯಾದಿಯಲ್ಲಿ ಹಿಮಕುಸಿತವೂ ಆಲಿಕಲ್ಲಿನ ಮಳೆಯೂ ಒಂದೇ ಸಾಲಿನಲ್ಲಿವೆ. ಹಿಮಾಲಯದ ಕುರಿಗಾಹಿಯೂ ಬೋರಿ ದಂಡೆಯ ಒಕ್ಕಲಗಿತ್ತಿಯೂ ಆ ಕಾಗದದಲ್ಲಿ ನೆರೆಮನೆಯವರು. ಗಾಳಿ ಎಲ್ಲಿಂದ ಬರುತ್ತದೆಯೋ ಯಾರ ಕೈಯಲ್ಲಿಯೂ ಇಲ್ಲ. ಅದು ಹೋದ ಮೇಲೆ ಬರೆಯುವ ಕಾಗದ ಮಾತ್ರ ಮನುಷ್ಯರ ಕೈಯಲ್ಲಿದೆ. ಅವಳ ಮನೆಯ ಗೂಡಿನಲ್ಲಿ, ದೇವರ ಫೋಟೋದ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸಾತಬಾರಾ ಉತಾರ ಈಗಲೂ ಇದೆ. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಹೊಸ ನಕಲು ತರಿಸುತ್ತಾಳೆ. ತನ್ನ ಹೆಸರು ಅಲ್ಲಿಯೇ ಇದೆಯೋ ಇಲ್ಲವೋ ಎಂದು ಓದಿಸಿ ಕೇಳಿದ ಮೇಲೆಯೇ ಬೇವುಬೆಲ್ಲ.