ಕತ್ರಿಗುಪ್ಪೆಯಲ್ಲಿ ಗುರುವಾರದ ರಜೆ

ಬನಶಂಕರಿ ಮೂರನೇ ಹಂತದ ಕತ್ರಿಗುಪ್ಪೆಯಲ್ಲಿ ಬೆಳಗು ಬೇಗ ಶುರುವಾಗುತ್ತದೆ. ಐದೂವರೆಗೆ ಹಾಲಿನ ಅಂಗಡಿ, ಆರಕ್ಕೆ ಹೊರವರ್ತುಲ ರಸ್ತೆಯ ಬಸ್ಸುಗಳ ಸದ್ದು, ಏಳಕ್ಕೆ ದರ್ಶಿನಿಯ ಮುಂದೆ ಬೈಟು ಕಾಫಿಯ ಗುಂಪು. ಈ ಗುಂಪಿನಲ್ಲಿ ಅರ್ಧಕ್ಕರ್ಧ ನಿವೃತ್ತರೇ. ಕೆಲಸಕ್ಕೆ ಹೋಗುವವರು ಲೋಟ ಇಟ್ಟು ಓಡಿದರೆ ಇವರು ನಿಧಾನವಾಗಿ ಎರಡನೇ ಸುದ್ದಿಗೆ ತೊಡಗುತ್ತಾರೆ.

2024ರ ಜೂನ್ ತಿಂಗಳಲ್ಲಿ ಈ ಗುಂಪಿಗೆ ಒಬ್ಬರು ಹೊಸದಾಗಿ ಸೇರಿದರು. ಮೇ 31ಕ್ಕೆ ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾಗಿ, ಶಾಲು, ಹಾರ, ಗಂಧದ ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಬಂದವರು. ಮೊದಲ ವಾರ ಕಚೇರಿಯಿಂದ ದಿನಕ್ಕೆ ನಾಲ್ಕು ಫೋನು ಬಂದವು. ‘ಸಾರ್, ಆ ಫೈಲು ಎಲ್ಲಿಟ್ಟಿದ್ದೀರಿ?’ ಎರಡನೇ ವಾರ ದಿನಕ್ಕೊಂದು. ತಿಂಗಳು ಮುಗಿಯುವಷ್ಟರಲ್ಲಿ ಫೋನು ಸುಮ್ಮನಾಯಿತು.

ಕೈಯಲ್ಲಿ ಕೆಲಸವಿಲ್ಲದ ಲೆಕ್ಕಿಗ ಮನೆಯನ್ನೇ ಕಚೇರಿ ಮಾಡಿಕೊಂಡರು. ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸಿದರು. ಗ್ಯಾಸು ಎಷ್ಟು ದಿನ ಬಂತು, ಎಣ್ಣೆ ಯಾಕೆ ಇಷ್ಟು ಬೇಗ ಮುಗಿಯಿತು ಎಂದು ವಿಚಾರಣೆ ನಡೆಸಿದರು. ಹನ್ನೊಂದಕ್ಕೊಂದು, ನಾಲ್ಕಕ್ಕೊಂದು ಕಾಫಿ ಕೇಳಿದರು. ಮೊದಲೆಲ್ಲ ಆ ವೇಳೆಗೆ ಹೆಂಡತಿ ಒಂದು ಗಳಿಗೆ ಕಾಲು ಚಾಚಿ ಕೂರುತ್ತಿದ್ದರು. ಜುಲೈನ ಒಂದು ಮಧ್ಯಾಹ್ನ ಅವರು ಸೌಟು ಕೆಳಗಿಟ್ಟು ಕೇಳಿದರು: ‘ನೀವೇನೋ ರಿಟೈರ್ ಆದ್ರಿ. ನನಗೆ ರಿಟೈರ್‌ಮೆಂಟ್ ಯಾವಾಗ್ರೀ?’

ಮೂವತ್ತನಾಲ್ಕು ವರ್ಷ ಲೆಕ್ಕ ಬರೆದವರಿಗೆ ಆ ಲೆಕ್ಕ ಬಿಡಿಸಲು ಬರಲಿಲ್ಲ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೇ ದಿನ ಒಪ್ಪಂದವಾಯಿತು: ಗುರುವಾರ ಒಲೆ ಗಂಡನದು, ರಜೆ ಹೆಂಡತಿಯದು. ರಜೆಯಲ್ಲಿ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎನ್ನುವುದು ರಜೆ ಪಡೆದವರ ಇಷ್ಟ. ಮೊದಲ ಗುರುವಾರದ ಸಾರಿಗೆ ಹುಣಿಸೆಹಣ್ಣೇ ಬಿದ್ದಿರಲಿಲ್ಲ. ಹೆಂಡತಿ ಏನೂ ಹೇಳದೆ ಊಟ ಮಾಡಿದರು.

ಹೆಸರಿನಲ್ಲಿ ಉಳಿದ ಊರು

ಮೊದಲ ಪ್ರವಾಸಗಳು ಕಾಲ್ನಡಿಗೆಯವೇ. ಶನಿವಾರ ಬರುವ ಮೊಮ್ಮಗಳು ಒಮ್ಮೆ ಬಸ್ಸಿನ ಬೋರ್ಡು ಓದಿ, ‘ತಾತ, ಚೆನ್ನಮ್ಮನಕೆರೆ ಅಚ್ಚುಕಟ್ಟು ಅಂದ್ರೆ ಏನು?’ ಎಂದಳು. ಇಪ್ಪತ್ತೈದು ವರ್ಷ ಅದೇ ಬೋರ್ಡು ನೋಡಿದ ತಾತ ತಡವರಿಸಿದರು. ಕೆರೆಯೂರಿನಲ್ಲಿ ಹುಟ್ಟಿದ ಅಜ್ಜಿ ಹೇಳಿದರು: ‘ಕೆರೆ ತೂಬಿನಿಂದ ಬಿಟ್ಟ ನೀರು ಎಲ್ಲೆಲ್ಲಿ ಹರಿಯುತ್ತೋ, ಆ ಗದ್ದೆ ಬಯಲೆಲ್ಲ ಅಚ್ಚುಕಟ್ಟು ಕಣೇ.’

ಅಲ್ಲಿಂದ ಬಡಾವಣೆಯ ನಕ್ಷೆಯೇ ಬೇರೆಯಾಗಿ ಕಂಡಿತು. ಪಕ್ಕದ ಹೊಸಕೆರೆಹಳ್ಳಿಯ ಹೆಸರಿನಲ್ಲೂ ಕೆರೆ ಇದೆ. ಗುಪ್ಪೆ ಎಂದರೆ ರಾಶಿ. ಗದ್ದೆ, ತೋಪು, ಕೆರೆ ಏರಿಗಳ ನಾಡಿನ ಮೇಲೆ ಹಂತ, ಬ್ಲಾಕು, ಅಡ್ಡರಸ್ತೆಗಳು ಬಂದಿವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ಟ್ಯಾಂಕರಿಗೆ ಕಾದದ್ದನ್ನು ಮರೆಯದವರಿಗೆ ಅಚ್ಚುಕಟ್ಟು ಎಂಬ ಪದ ಚುಚ್ಚದೆ ಇರದು. ಈ ಮನೆಯಲ್ಲೂ ಅಕ್ಕಿ ತೊಳೆದ ನೀರು ಅಂದಿನಿಂದ ತಾರಸಿಯ ಕುಂಡಗಳಿಗೇ ಹೋಗುತ್ತದೆ. ಬಸಳೆ, ದೊಡ್ಡಪತ್ರೆ, ಕರಿಬೇವು ಅದರಲ್ಲೇ ಬೆಳೆದಿವೆ.

ನವೆಂಬರ್ 25, ಕಾರ್ತಿಕದ ಕಡೆಯ ಸೋಮವಾರ. ಗುರುವಾರವಲ್ಲದಿದ್ದರೂ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ವಿಶೇಷ ರಜೆ ಮಂಜೂರಾಯಿತು. ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುವ ರೈತರ ಹಬ್ಬ ಇದು. ವೃಷಭಾವತಿ ಆ ಬಸವನ ಪಾದದಲ್ಲೇ ಹುಟ್ಟುತ್ತಾಳೆ ಎಂಬ ನಂಬಿಕೆಯನ್ನು ಕೇಳಿದ ಮೊಮ್ಮಗಳು, ‘ಮೋರಿ ಅಂತಾರಲ್ಲ, ಅದೇನಾ?’ ಎಂದಳು. ಅದೇ. ಅರ್ಕಾವತಿಯನ್ನು ಸೇರಿ, ಅದರೊಡನೆ ಕಾವೇರಿಗೆ ಹೋಗುವ ನದಿ. ಲಾಲ್‌ಬಾಗಿನಲ್ಲಿ ಅವಳು ಜಾರುಬಂಡೆಯಂತೆ ಕಂಡ ಕಲ್ಲಿನ ಮೇಲೆ ಓಡಿದಳು. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪಠ್ಯಪುಸ್ತಕದ ಪಾಠಗಳು ಮನೆಯಿಂದ ನಾಲ್ಕೈದು ಕಿಲೋಮೀಟರಿನೊಳಗೇ ಬಿದ್ದಿರುತ್ತವೆ.

ಚುಕ್ಕಿಯಿಂದ ಶಿಲ್ಪಕ್ಕೆ

ದೂರದ ಪ್ರವಾಸಕ್ಕೆ ಕೆಂಪು ಬಸ್ಸೇ ವಾಹನ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಡತಿಗೆ ಶೂನ್ಯ ಟಿಕೆಟ್. ಅರವತ್ತು ದಾಟಿದ ಗಂಡನಿಗೆ ಶೇಕಡ 25 ರಿಯಾಯಿತಿ. ‘ಇಷ್ಟು ದಿನ ನಿಮ್ಮ ಖರ್ಚಿನಲ್ಲಿ ನಾನು ಬರುತ್ತಿದ್ದೆ, ಈಗ ನನ್ನ ಜೊತೆ ನೀವು ಬರುತ್ತಿದ್ದೀರಿ’ ಎಂದು ಅವರು ನಗುತ್ತಾರೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದನ್ನು ಲೆಕ್ಕಿಗರು ಇನ್ನೂ ಮರೆತಿಲ್ಲ.

ಡಿಸೆಂಬರಿನಲ್ಲಿ ಬನ್ನೂರಿನ ದಾರಿಯಾಗಿ ಸೋಮನಾಥಪುರ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಪೂರ್ಣಗೊಳಿಸಿದ ಕೇಶವ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡಿನೊಡನೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಎಲ್ಲರೂ ಹೊರಗೋಡೆಯ ಆನೆ, ಕುದುರೆ ಸಾಲುಗಳನ್ನು ನೋಡುತ್ತಿದ್ದರೆ ಈ ಗೃಹಿಣಿ ಒಳಗೆ ಕತ್ತೆತ್ತಿ ನಿಂತರು. ಒಂದರಂತೆ ಇನ್ನೊಂದಿಲ್ಲದ ಭುವನೇಶ್ವರಿಗಳು. ಕೆಲವದರ ನಡುವೆ ಕಲ್ಲಿನ ಬಾಳೆಮೊಗ್ಗು. ದೇವಾಲಯ ನಿಂತಿರುವ ಜಗತಿಯೇ ನಕ್ಷತ್ರದಂತೆ ಕೋನ ಕೋನವಾಗಿದೆ. ‘ಇದು ನಮ್ಮ ಚುಕ್ಕಿ ರಂಗೋಲೀನೇ ಅಲ್ವಾ!’ ಎಂದು ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು, ಕೊನೆಯ ಹಾಳೆಯಲ್ಲಿ ಚುಕ್ಕಿಯಿಟ್ಟು ಒಂದು ಛಾವಣಿಯನ್ನು ಬಿಡಿಸಿದರು.

ಪಿಯುಸಿ ಮುಗಿದ ಮೇಲೆ ಅವರು ಚಿತ್ರ ಬರೆಯಲು ಪೆನ್ಸಿಲ್ ಹಿಡಿದಿರಲಿಲ್ಲ. ಮನೆ ಮುಂದೆ ದಿನವೂ ಬಿಡಿಸಿದ್ದು, ದಿನವೂ ಅಳಿಸಿಹೋಗುತ್ತಿತ್ತು. ಮರುವಾರ ಗಂಡ ಗಾಂಧಿ ಬಜಾರಿನಿಂದ ಗೆರೆಯಿಲ್ಲದ ದಪ್ಪ ಪುಸ್ತಕ ತಂದುಕೊಟ್ಟರು. ಬೆಲೆ ಎಷ್ಟೆಂದು ಆ ಸಲ ಮಾತ್ರ ಲೆಕ್ಕದಲ್ಲಿ ಬರೆಯಲಿಲ್ಲ.

ಫೆಬ್ರುವರಿಯ ಒಂದು ಗುರುವಾರ, ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ಶ್ರವಣಬೆಳಗೊಳ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಬಿಟ್ಟು ಹತ್ತಬೇಕು. ಹೆಂಡತಿಗೆ ಮಂಡಿನೋವು ಎಂದು ಹೆದರಿದವರು ಗಂಡ. ಅರ್ಧ ದಾರಿಯಲ್ಲಿ ಏದುಸಿರು ಬಂದು ಕುಳಿತವರೂ ಅವರೇ. ‘ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ’ ಎಂದರು. ಆಕೆ ಒಂದು ಕ್ಷಣ ನಿಂತು, ನೀರಿನ ಬಾಟಲಿಯನ್ನು ಅವರ ಕೈಗಿತ್ತು, ಹೊರಟೇಬಿಟ್ಟರು.

ಚಾವುಂಡರಾಯ ಹತ್ತನೇ ಶತಮಾನದ ಕೊನೆಯಲ್ಲಿ ಕಡೆಯಿಸಿದ 58 ಅಡಿಯ ಗೊಮ್ಮಟನ ಮುಂದೆ ಅವರು ಮುಕ್ಕಾಲು ಗಂಟೆ ಇದ್ದರು. ತೊಡೆ, ತೋಳುಗಳಿಗೆ ಹಬ್ಬಿದ ಬಳ್ಳಿಯನ್ನು ಬರೆದುಕೊಂಡರು. ಪಾದದ ಪಕ್ಕದ ಕನ್ನಡ, ತಮಿಳು, ಮರಾಠಿ ಶಾಸನಗಳಲ್ಲಿ ಪರಿಚಿತ ಅಕ್ಷರ ಹುಡುಕಿದರು. ಮದುವೆಯಾದ ಮೂವತ್ತಾರು ವರ್ಷದಲ್ಲಿ ಅವರು ಒಬ್ಬರೇ ಹೋಗಿ, ಒಬ್ಬರೇ ನಿಂತು ನೋಡಿದ ಮೊದಲ ಊರು ಅದು. ಇಳಿದು ಬಂದಾಗ ಗಂಡ ಕೇಳಿದರು: ‘ಹೇಗಿತ್ತೇ?’ ಪುಸ್ತಕ ತೆರೆದು ತೋರಿಸಿದರು. ಕೆಳಗಿನ ಕೊಳವನ್ನು ನೋಡುತ್ತ ಕುಳಿತಿದ್ದವರು ಬಳ್ಳಿಯ ಒಂದೊಂದು ಎಲೆಯನ್ನೂ ನಿಧಾನವಾಗಿ ನೋಡಿದರು.

2025ರ ಮೇ 31ಕ್ಕೆ ವರ್ಷ ತುಂಬಿತು. ಗುರುವಾರದ ಸಾರು ಈಗ ಬಾಯಿಗೆ ಹಿಡಿಸುತ್ತದೆ. ಮೊಮ್ಮಗಳ ಪ್ರಕಾರ ಅಜ್ಜಿಯದಕ್ಕಿಂತ ತಾತನದಕ್ಕೆ ಖಾರ ಹೆಚ್ಚು. ಡಬ್ಬಗಳ ಮೇಲಿನ ಚೀಟಿಗಳು ಮಾತ್ರ ಉಳಿದಿವೆ. ಸಾಮಾನು ಎಲ್ಲಿದೆ ಎಂದು ತಿಳಿಯಲು ಅವು ಈಗ ಅಂಟಿಸಿದವರಿಗೇ ಬೇಕು. ರಂಗೋಲಿ ಪುಸ್ತಕದಲ್ಲಿ ನಲವತ್ತು ಹಾಳೆ ತುಂಬಿವೆ.

ಬೈಟು ಕಾಫಿಯ ಗೆಳೆಯರೊಬ್ಬರು ಮನೆಗೆ ಬಂದಾಗ, ‘ಅಂತೂ ನಿವೃತ್ತಿ ಜೀವನ ಚೆನ್ನಾಗಿ ನಡೀತಾ ಇದೆ ಇಬ್ಬರದ್ದೂ’ ಎಂದರು. ಆಕೆ ಒಳಗಿನಿಂದಲೇ ತಿದ್ದಿದರು: ‘ನಿವೃತ್ತಿ ಅವರದು ಮಾತ್ರ. ನನಗೆ ವಾರಕ್ಕೊಂದು ರಜಾ ಸಿಕ್ಕಿದೆ, ಅಷ್ಟೆ.’

ಗಂಡ ಸುಮ್ಮನೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲಿಟ್ಟರು. ಅಂದು ಮಂಗಳವಾರ.