ವಾರ್ಸಾದ ಉದ್ಯಾನಗಳಲ್ಲಿ ಒಂದು ಸುತ್ತು

ಪಾರ್ಕು ಅಂದರೆ ನಮಗೆ ಮಕ್ಕಳು ಆಡುವ, ಸಂಜೆ ಕೂತು ಕಡಲೇಕಾಯಿ ತಿನ್ನುವ ಜಾಗ, ಅಲ್ಲವೇ? ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಪಾರ್ಕಿಗೆ ಇನ್ನೊಂದು ಕೆಲಸವೂ ಉಂಟು. ನಾಡಿನ ಕಥೆ ಮರೆಯದಂತೆ ಅದು ಕಾಪಾಡುತ್ತದೆ.

ಯಾಕೆ ಅಂತೀರಾ? 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಅದನ್ನು ಹಂಚಿಕೊಂಡುಬಿಟ್ಟಿದ್ದವು. ರಾಜ್ಯವೇ ಇಲ್ಲದವರಿಗೆ ಭಾಷೆ, ಸಂಗೀತ, ನೆನಪು, ಇವೇ ಆಸ್ತಿ.

ಮೊದಲು ವಾಜ್ಯೆಂಕಿ ಉದ್ಯಾನಕ್ಕೆ ಬನ್ನಿ. ಗುಲಾಬಿ ಗಿಡಗಳ ನಡುವೆ, ಗಾಳಿಗೆ ಬಾಗಿದ ಮರದ ಕೆಳಗೆ ಸಂಗೀತಗಾರ ಶೋಪಾನ್ ಕೂತಿದ್ದಾನೆ. 1926ರಲ್ಲಿ ನಿಲ್ಲಿಸಿದ ಈ ಪ್ರತಿಮೆಯನ್ನು 1940ರಲ್ಲಿ ಜರ್ಮನರು ಸಿಡಿಸಿ ಉರುಳಿಸಿದರು. ಜನ ಬಿಡಲಿಲ್ಲ ನೋಡಿ, 1958ರಲ್ಲಿ ಮತ್ತೆ ನಿಲ್ಲಿಸಿದರು. 1959ರಿಂದ ಬೇಸಿಗೆಯ ಭಾನುವಾರಗಳಂದು ಅಲ್ಲಿ ಪಿಯಾನೋ ಕಛೇರಿ ನಡೆಯುತ್ತದೆ. ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ, ಮಧ್ಯಾಹ್ನ 12ಕ್ಕೆ ಮತ್ತು 4ಕ್ಕೆ. ಟಿಕೆಟ್ಟಿಲ್ಲ. ಹೋಗುವವರು ಒಂದು ಜಮಖಾನ ಜೊತೆಗಿಟ್ಟುಕೊಳ್ಳಿ, ಹುಲ್ಲಿನ ಮೇಲೆ ಹಾಯಾಗಿ ಕೂರಬಹುದು.

ಶೋಪಾನ್ 1849ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ದೇಹ ಅಲ್ಲೇ ಮಣ್ಣಾಯಿತು. ಹೃದಯವನ್ನು ಮಾತ್ರ ಅವನ ಅಕ್ಕ ಲುದ್ವಿಕಾ, ಗಡಿ ಕಾವಲಿನವರ ಕಣ್ಣು ತಪ್ಪಿಸಿ ಊರಿಗೆ ತಂದಳಂತೆ. ಅದು ಈಗಲೂ ಹೋಲಿ ಕ್ರಾಸ್ ಚರ್ಚಿನ ಕಂಬವೊಂದರಲ್ಲಿದೆ. ಆ ಹೆಣ್ಣುಮಗಳ ಧೈರ್ಯ ಎಂಥದ್ದು!

ಸ್ಯಾಕ್ಸನ್ ಉದ್ಯಾನದ ಅರಮನೆಯನ್ನು 1944ರ ಡಿಸೆಂಬರಿನಲ್ಲಿ ಜರ್ಮನರು ಸ್ಫೋಟಿಸಿದರು. ಉಳಿದ ಕಮಾನುಗಳ ಕೆಳಗೆ ಅಜ್ಞಾತ ಯೋಧನ ಸಮಾಧಿಯಿದೆ. ಅಲ್ಲಿ ಜ್ಯೋತಿ ಆರುವುದಿಲ್ಲ, ಕಾವಲೂ ತಪ್ಪುವುದಿಲ್ಲ.

ಹಳೆಯ ಪೇಟೆಯ ಕೋಟೆಗೋಡೆಯ ಬಳಿಯ ಪುಟ್ಟ ಪ್ರತಿಮೆ ಕಂಡರೆ ತಾಯಂದಿರ ಕರುಳು ಚುರುಕ್ಕೆನ್ನುತ್ತದೆ. ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಬಂದೂಕು ಹಿಡಿದ ಎಳೆಯ ಹುಡುಗ! 1944ರ ದಂಗೆಯ ಮಕ್ಕಳ ನೆನಪಿಗೆ 1983ರಲ್ಲಿ ನಿಲ್ಲಿಸಿದ್ದು. ಪ್ರತಿವರ್ಷ ಆಗಸ್ಟ್ 1ರ ಸಂಜೆ 5ಕ್ಕೆ ಸೈರನ್ ಕೂಗುತ್ತದೆ. ಬಸ್ಸು, ಕಾರು, ನಡೆಯುವವರು, ಎಲ್ಲ ಒಂದು ನಿಮಿಷ ನಿಂತುಬಿಡುತ್ತಾರೆ.

ನಮಗೂ ಅಲ್ಲೊಂದು ನಂಟಿದೆ. 1942ರಲ್ಲಿ ದಿಕ್ಕಿಲ್ಲದ ಪೋಲಿಷ್ ಮಕ್ಕಳಿಗೆ ಗುಜರಾತಿನ ಬಾಲಾಚಡಿಯಲ್ಲಿ ಆಸರೆ ಕೊಟ್ಟ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರ ಹೆಸರಲ್ಲಿ 'ಒಳ್ಳೆಯ ಮಹಾರಾಜ'ನ ಚೌಕವಿದೆ. ನಮ್ಮ ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದ ವಳಿವಡೆಯಲ್ಲೂ ಸಾವಿರಾರು ಪೋಲಿಷ್ ಹೆಂಗಸರು, ಮಕ್ಕಳು 1943ರಿಂದ 1948ರವರೆಗೆ ಇದ್ದರು. ಆ ನೆನಪಿನ ಫಲಕವೂ ವಾರ್ಸಾದಲ್ಲಿದೆ.

ಕಷ್ಟಕಾಲದಲ್ಲಿ ಅನ್ನವಿಟ್ಟ ಕೈಯನ್ನೂ ಆ ಜನ ಮರೆತಿಲ್ಲ. ನಿಮ್ಮ ಮಕ್ಕಳಿಗೂ ಇದನ್ನು ಹೇಳಿ.